ಬೈಕಿನೊಳಗಿದ್ದ ಬಿಲ್ಲೆ

ಬಹ್ರೈನಿನ ಸನದ್‌ನಲ್ಲಿ ಗ್ಯಾರೇಜಿನವನು ನಿಮ್ಮ ಅಪ್ಪನ ಬೈಕಿನೊಳಗಿಂದ ಸಣ್ಣ ತೂತಿನ ಬಿಲ್ಲೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ, ಮೊಮ್ಮಕ್ಕಳೇ. ಇಂಜಿನ್ನಿನ ಬಲ ತಗ್ಗಿ, ಕಲಿಯುವ ಮಗ ವೇಗವಾಗಿ ಹೋಗದಿರಲೆಂದು ನಿಮ್ಮ ಅಜ್ಜ ಹಾಕಿಸಿದ್ದು ಅದು. ಮಗನಿಗೆ ಲೈಸೆನ್ಸ್ ಸಿಗುವಾಗ ಅವರೇ ಇರಲಿಲ್ಲ.

"ಅಬ್ಬ ಹಾಕಿಸಿದ್ದು ಅಲ್ಲೇ ಇರ್ಲಿ ಉಮ್ಮಾ," ಎಂದು ನಿಮ್ಮ ಅಪ್ಪ ತನ್ನ ಅಬ್ಬನ ನೆನಪಿಗೆ ಮುಂದೂಡುತ್ತಲೇ ಇದ್ದ.

"ಲೈಸೆನ್ಸ್ ಸಿಕ್ಕಿದ ಮೇಲೆ ತೆಗಿಲಿಕ್ಕೆ ಅಂತಲೇ ಅಲ್ವಾ ಅವರು ಹಾಕಿಸಿದ್ದು?" ಎಂದು ನಾನೇ ಅವನನ್ನು ಗ್ಯಾರೇಜಿಗೆ ಕರೆತಂದಿದ್ದೆ.

ಕಾರ್ಬುರೇಟರ್ ಹೊಸದಾಗಿ ಹೊಂದಿಸಿದಾಗ ಇಂಜಿನ್ ಜೋರಾಗಿ ಗುಡುಗಿತು. ನಾನು ಹೆದರಿ, ಕಣ್ಣು ಮುಚ್ಚಿ ಅವನ ಹಿಂದೆ ಕುಳಿತೆ. ಮುಹರ್ರಕ್ ಸೇತುವೆಯಲ್ಲಿ ಕಣ್ಣು ಬಿಟ್ಟರೆ ಕಾರುಗಳೆಲ್ಲ ನಮ್ಮನ್ನು ದಾಟಿ ಹೋಗುತ್ತಿದ್ದವು. ಅವನು ಹಳೆಯ ವೇಗದಲ್ಲೇ ಇದ್ದ.

ಆ ಬಿಲ್ಲೆ ಈಗಲೂ ನನ್ನ ಕೀಗೊಂಚಲಿನಲ್ಲಿದೆ. ನಿಮ್ಮ ಅಪ್ಪ ಕಾರನ್ನು ನಿಧಾನ ಓಡಿಸುವಾಗ ನೀವು ನಗುತ್ತೀರಿ. ನನಗೆ ಅಜ್ಜ ಪಕ್ಕದಲ್ಲೇ ಕೂತಂತಾಗುತ್ತದೆ.