ಮುದುಕರ ಮನೆ ನೋಡಲು ಹೋದ ಸುಶೀಲಜ್ಜಿ

ನಮ್ಮಪ್ಪ ಚನ್ನವೀರಪ್ಪನವರಿಗೆ ಅಕ್ಕಿಆಲೂರಿನಲ್ಲಿ ಅಕ್ಕಿ ಗಿರಣಿ ಇತ್ತು. ಗಿರಣಿಯ ಹಿಂದಿನ ಹಳೆಯ ಉಗ್ರಾಣವನ್ನು ಅವರು ದಿಕ್ಕಿಲ್ಲದ ಮುದುಕರಿಗೆ ಬಿಟ್ಟುಕೊಟ್ಟಿದ್ದರು. ಏಳೆಂಟು ಜೀವಗಳು ಅಲ್ಲಿದ್ದವು. ಅವರಿಗೆ ಬೇಯಿಸಿ ಹಾಕಿ ನೋಡಿಕೊಳ್ಳುತ್ತಿದ್ದವಳು ಐವತ್ತು ದಾಟಿದ ನಾಗವ್ವ. ೧೯೪೧ರಲ್ಲಿ ಅವಳ ಮೇಲೆ ದೂರು ಬಂತು: ಹೊತ್ತು ಮೂಡಿದಾಗಿನಿಂದ ಮುದುಕರ ಮೇಲೆ ಒದರುತ್ತಾಳೆ, ಓಣಿಗೆಲ್ಲ ಕೇಳುತ್ತದೆ ಎಂದು. ದಾನ ಮಾಡಿಯೂ ಹೆಸರು ಕೆಡಿಸಿಕೊಳ್ಳುವುದು ಅಪ್ಪನಿಗೆ ಬೇಕಿರಲಿಲ್ಲ. ಅವಳನ್ನು ಕೆಲಸದಿಂದ ಬಿಡಿಸುವುದೆಂದು ಹೊರಟರು. ಬಿಡಿಸಿದರೆ ಅವಳು ಮಾಸೂರಿನ ಗದ್ದೆಗಳಿಗೆ ಕೂಲಿಗೆ ಹೋಗಬೇಕಿತ್ತು. ಆ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ?

"ಒಮ್ಮೆ ನೀವ ಹೋಗಿ ನೋಡಿ ಬರ್ರಿ, ಅತ್ತಿ," ಎಂದು ಅದಕ್ಕೂ ಮೊದಲು ಅಪ್ಪ ಸುಶೀಲಜ್ಜಿಯನ್ನು ಕಳಿಸಿದರು. ಆಕೆ ಅಪ್ಪನ ಸೋದರತ್ತೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ನಮ್ಮ ಮನೆಯಲ್ಲೇ ಮುದುಕಿಯಾದವರು. ಇಂಥ ಸಾಧು ಜೀವವನ್ನು ತಪಾಸಣೆಗೆ ಕಳಿಸಿದ ನಮ್ಮಪ್ಪನ ಜಾಣತನಕ್ಕೆ ನನಗೆ ಈಗಲೂ ನಗು ಬರುತ್ತದೆ.

ಅಜ್ಜಿ ಹೋದಾಗ ಊಟದ ಹೊತ್ತು. ಬಾಗಿಲಲ್ಲೇ ಜಗಳ ಕೇಳಿಸಿತು.

"ಇದು ಸಾರೋ, ಮುಸುರಿ ನೀರೋ? ಉಪ್ಪೆಲ್ಲೈತಿ?" ಎಂದು ಅಡಿವೆವ್ವ ಎಂಬ ಮುದುಕಿ ತಾಟು ದೂಡಿದಳು.

"ನಿನ್ನ ನಾಲಿಗೀನ ಸತ್ತೈತಿ, ಉಪ್ಪೇನ ಮಾಡ್ತೈತಿ!" ನಾಗವ್ವ ಒದರಿದಳು. ಒದರುತ್ತಲೇ ಉಪ್ಪು ತಂದು ಹಾಕಿ, ರೊಟ್ಟಿ ಮುರಿದು ಸಾರಿನಲ್ಲಿ ಮೆತ್ತಗೆ ಕಿವುಚಿ ಕೊಟ್ಟಳು.

ಸವಣೂರಿನ ಇಸ್ಮಾಯಿಲಸಾಬರು ಮೂಲೆಯಿಂದ, "ನನಗ ಈಗ ಬ್ಯಾಡವ್ವಾ, ಹಸಿವಿಲ್ಲ," ಎಂದರು.

"ಆಮ್ಯಾಲೆ ತಣ್ಣಗಾಗೇತಿ ಅಂತ ನನ್ನ ಜೀವಾ ತಿನ್ರಿ!" ಎಂದು ಬೈದು, ಅವರ ತಾಟು ಮುಚ್ಚಿ ಒಲೆಯ ಪಕ್ಕಕ್ಕಿಟ್ಟಳು. ಸಾಬರು ನಕ್ಕರು. ಅಡಿವೆವ್ವ ಗೊಣಗುತ್ತಲೇ ಎಲ್ಲ ಉಂಡಳು. ಅಜ್ಜಿ ಹಾಸಿಗೆಗಳನ್ನು ಮುಟ್ಟಿ ನೋಡಿದರು, ಬೆಚ್ಚಗೆ ಒಣಗಿದ್ದವು. ಬಹಳ ಹೊತ್ತು ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದರು.

ಸಂಜೆ ಅಪ್ಪ ಕೇಳಿದರು.

"ಬೈತಾಳ, ಖರೇನ ಬೈತಾಳ," ಎಂದರು ಅಜ್ಜಿ. "ಅವ್ರೂ ಆಕಿಗೆ ಬೈತಾರ. ಆಕಿನ್ನ ಬಿಡಿಸಬ್ಯಾಡ, ಚನ್ನೀರ."

"ಇದ್ಯಾವ ನ್ಯಾಯ, ಅತ್ತಿ?"

ಅಜ್ಜಿ ನೆಲ ನೋಡುತ್ತ ಹೇಳಿದರು: "ಆ ಮುದುಕಿ ತಾಟ ದೂಡಿದ್ಲಪಾ. ತನ್ನ ಮನಿ ಅಂದ್ಕೊಂಡಾಕಿ ಮಾತ್ರ ಹಂಗ ದೂಡ್ತಾಳ. ನಿನ್ನ ಮನ್ಯಾಗ ನಾ ಇಷ್ಟ ವರ್ಷ ಉಂಡೇನಿ. ಸಪ್ಪಗಿದ್ರೂ ಚಲೋ ಐತಿ ಅಂದೇನಿ. ಒಂದ ದಿನಾನೂ ಬಾಯಿ ಬಿಡಾಕ ನನಗ ಧೈರ್ಯ ಬಂದಿಲ್ಲ."

ಅಪ್ಪನ ಮುಖ ಸಣ್ಣದಾಯಿತು. ನಮ್ಮ ಮನೆಯಲ್ಲಿ ಯಾರೂ ಆಕೆಯನ್ನು ಗದರಿದವರಲ್ಲ, ಏನು ಬೇಕೆಂದು ಕೇಳಿದವರೂ ಅಲ್ಲ. ನಾಗವ್ವನ ಕೆಲಸ ಉಳಿಯಿತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಮ್ಮವ್ವ ಬಂದು ಅಜ್ಜಿಯ ಪಕ್ಕ ಕುಳಿತಳು.

"ನಾಳೆ ಏನ ಅಡಗಿ ಮಾಡ್ಲಿ, ನೀವ ಹೇಳ್ರಿ. ನಿಮಗೇನ ಸೇರ್ತೈತಿ?"

ಅಜ್ಜಿ ಬಾಯಿ ತೆರೆದರು. ಏನೂ ಹೊಳೆಯಲಿಲ್ಲ. ಕಣ್ಣು ತುಂಬಿ ಬಂದವು.

"ತಡಿಯವ್ವಾ," ಎಂದರು, "ನೆನಪ ಮಾಡ್ಕೋತೇನಿ."