ಒಂದು ಬೆರಳು ಕಡಿಮೆ

ನಮ್ಮ ಮನೆಯಲ್ಲಿ ಕಾಫಿಯ ಲೋಟ ಎಂದೂ ತುಂಬಿರುವುದಿಲ್ಲ. ಅಂಚಿನಿಂದ ಸರಿಯಾಗಿ ಒಂದು ಬೆರಳು ಕೆಳಗೆ ನಿಂತು, ನೊರೆಯ ಮುಸುಕು ಹೊದ್ದು, ಇಷ್ಟೇ ನಿನ್ನ ಪಾಲು ಎಂಬಂತೆ ನನ್ನನ್ನು ನೋಡುತ್ತದೆ. ಮೈಸೂರಿನಿಂದ ಮದುವೆಯಾಗಿ ಮದರಾಸಿನ ಮೈಲಾಪೂರಿಗೆ ಬಂದವಳು ನಾನು. ನನ್ನ ತವರಿನಲ್ಲಿ ಲೋಟ ತುಂಬಿ, ಬಟ್ಟಲಿಗೂ ನಾಲ್ಕು ಹನಿ ಇಳಿದರೆ ಮಾತ್ರ ಅದಕ್ಕೆ ಕಾಫಿ ಕೊಟ್ಟರು ಎಂಬ ಮರ್ಯಾದೆ ಸಲ್ಲುತ್ತಿತ್ತು. ಇಲ್ಲಿ ಬೆಳಗಿನ ಕಾಫಿ ನನ್ನ ಮಾವನವರ ಇಲಾಖೆ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಆಯುಷ್ಯದ ಬಹುಭಾಗವನ್ನು ಇಲ್ಲಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಹಾಲು ಕಾಯಿಸುತ್ತ, ಕಾಫಿ ಬೆರೆಸುತ್ತ ಕಳೆದವರು. ಹೋಟೆಲಿನವರಲ್ಲವೇ, ಕೈ ಸ್ವಲ್ಪ ಬಿಗಿ ಎಂದು ಮೊದಲ ವಾರದಲ್ಲೇ ತೀರ್ಮಾನಿಸಿದ ನಾನು, ಸಂಸಾರದ ಶಾಂತಿಯ ದೃಷ್ಟಿಯಿಂದ ಆ ತೀರ್ಪನ್ನು ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಾನು ಹೇಳಹೊರಟಿರುವುದು ಕಾಫಿಯ ಸಂಗತಿಯಲ್ಲ, ಕಾರಿನದು.

ನಮ್ಮ ಕಾರಿಗೆ ಇಪ್ಪತ್ತು ವರ್ಷವಾಗಿದೆ. ನನ್ನ ಸ್ವಂತ ಸಂಬಳದಲ್ಲಿ ಕೊಂಡದ್ದು. ಇದನ್ನು ಓಡಿಸಲು ಕಲಿಸುತ್ತೇನೆಂದು ಮುಂದೆ ಬಂದ ನನ್ನ ಯಜಮಾನರು ಎರಡನೆಯ ದಿನವೇ ಗಂಟಲು ಕಟ್ಟಿಸಿಕೊಂಡರು. ಅವರ ಕೂಗಿಗೆ ಹೆದರಿ ನಾನು ಬ್ರೇಕು ಒತ್ತುತ್ತಿದ್ದೆ, ಬ್ರೇಕಿಗೆ ಹೆದರಿ ಅವರು ಇನ್ನಷ್ಟು ಕೂಗುತ್ತಿದ್ದರು. ಆಗ ಮಾವ ಬಂದು ಪಕ್ಕದ ಸೀಟಿನಲ್ಲಿ ಕುಳಿತರು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುನ್ನ ಹೋಟೆಲಿನವರಿಗೆ ಸಿಗುವ ಒಂದೇ ಒಂದು ಗಳಿಗೆಯ ನಿದ್ದೆ ಅವರದು. ಅದನ್ನು ಬಿಟ್ಟು ತಿಂಗಳುಗಟ್ಟಲೆ ನನ್ನ ಜೊತೆ ಬಂದರು. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಎಂಜಿನ್ ನಿಂತು, ಹಿಂದಿನ ಆಟೋಗಳೆಲ್ಲ ಹಾರ್ನು ಬಾರಿಸುವಾಗ, "ಹೋಪ, ಹೋಪ, ಅರ್ಜೆಂಟ್ ಎಂತ ಇಲ್ಲೆ" ಎನ್ನುತ್ತಿದ್ದರು, ಹೋಗೋಣ, ಅವಸರವೇನಿಲ್ಲ ಎಂದು. ನಾನು ಕಲಿತದ್ದು ಆ ಒಂದು ಮಾತಿನಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ಈಗ ಅವರಿಗೆ ಎಂಬತ್ತು ದಾಟಿದೆ. ಆಟೋ ಹತ್ತಲು ಮೊಣಕಾಲು ಒಪ್ಪುವುದಿಲ್ಲ, ಬಸ್ಸಂತೂ ದೂರದ ಮಾತು. ಈ ಕಾರಿನ ಸೀಟು ಮಾತ್ರ ಅವರ ಕಾಲಿಗೆ ಹೇಳಿ ಮಾಡಿಸಿದಂತಿದೆ. ಪ್ರತಿ ಶುಕ್ರವಾರ ಪಲ್ಲಾವರಂ ಸಂತೆಗೆ ಹೋಗುವುದು ನಮ್ಮ ವ್ರತ. ಮನೆಯಲ್ಲಿ ಮೌನಿಯಾದ ಅವರು ಕಾರಿನಲ್ಲಿ ಕುಳಿತರೆ ಹಳೆಯ ಹೋಟೆಲಿನ ಕತೆಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ.

ಅಂಥ ಒಂದು ಶುಕ್ರವಾರ, ಸಂತೆಯಿಂದ ಮರಳುವಾಗ, ಮೇಲ್ಸೇತುವೆಯ ಕೆಳಗೆ ಕಾರು ಬುಸ್ಸೆಂದು ಆವಿ ಬಿಟ್ಟು ನಿಂತಿತು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು, ಗಾಬರಿಯಲ್ಲಿ ಅದನ್ನೇ ಮಾಡಿದೆ. ನೀರು ಚಿಮ್ಮಿ ಮಣಿಕಟ್ಟು ಸುಟ್ಟಿತು. ಮಾವ ಸೋರೆಕಾಯಿಯ ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡು ಗಾಜಿನ ಒಳಗಿಂದ ನೋಡುತ್ತಿದ್ದರು.

ಫ್ಯಾನಿನ ಫ್ಯೂಸು ಹೋಗಿತ್ತು, ಅಷ್ಟೇ. ನಮ್ಮ ಮೆಕ್ಯಾನಿಕ್ ಅನ್ಬು ಅದನ್ನು ಅಲ್ಲೇ ಬದಲಿಸಿದ. ಆದರೆ ಹೋಗುವಾಗ ಒಂದು ಸಂಶಯದ ಬೀಜ ಬಿತ್ತಿ ಹೋದ: ಇಷ್ಟು ಕಾದ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ನೀರಿನ ಮೇಲೆ ಕಣ್ಣಿಡಿ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಇರುವ ಒಂದು ತೆಳುವಾದ ಹಾಳೆ ಅದು. ಬಿರುಕು ಬಿಟ್ಟರೆ ನೀರು ಹೊರಗೆ ಒಂದು ಹನಿಯೂ ಬೀಳದೆ ಒಳಗೊಳಗೇ ಮಾಯವಾಗುತ್ತದಂತೆ. ಎಂಜಿನ್ ಬಿಚ್ಚಿ ಅದನ್ನು ಬದಲಿಸುವುದಕ್ಕಿಂತ ಕಾರನ್ನು ಗುಜರಿಗೆ ಹಾಕುವುದೇ ಲೇಸು ಎಂದು ಯಜಮಾನರು ತಮ್ಮ ಅಭಿಪ್ರಾಯ ಮಂಡಿಸಿದರು. ವಿಮಾ ಕಂಪನಿಯಲ್ಲಿ ದುಡಿದವರು, ಯಾವುದನ್ನು ಯಾವಾಗ ಕೈಬಿಡಬೇಕೆಂಬುದರಲ್ಲಿ ನುರಿತವರು.

ನಾನು ಪ್ರತಿ ಬೆಳಿಗ್ಗೆ ರೇಡಿಯೇಟರಿಗೆ ಕಂಠದವರೆಗೆ ನೀರು ತುಂಬತೊಡಗಿದೆ. ಮರುದಿನ ನೋಡಿದರೆ ಒಂದು ಲೋಟದಷ್ಟು ಕಡಿಮೆ! ಮತ್ತೆ ತುಂಬಿದೆ, ಮತ್ತೆ ಕಡಿಮೆ. ಕಾರಿನ ಕೆಳಗೆ ಹಳೆಯ ಪೇಪರು ಹಾಸಿದೆ; ಒಂದು ಕಲೆಯೂ ಇಲ್ಲ. ಅಲ್ಲಿಂದ ನನ್ನ ನಿದಾನಶಾಸ್ತ್ರದ ವ್ಯಾಸಂಗ ಆರಂಭವಾಯಿತು. ಹೊಗೆ ಬೆಳ್ಳಗೆ ಬಂದು ಸಿಹಿ ವಾಸನೆ ಹೊಡೆದರೆ ಕೆಟ್ಟ ಲಕ್ಷಣವೆಂದು ಓದಿ, ಸೆರಗು ಸಿಕ್ಕಿಸಿಕೊಂಡು ಸೈಲೆನ್ಸರಿನ ಹಿಂದೆ ಮೊಣಕಾಲೂರಿ ಮೂಸುತ್ತಿದ್ದವಳನ್ನು ನೋಡಿ ಮೇಲಿನ ಮನೆಯವರು ಯಜಮಾನರಿಗೆ ಫೋನು ಮಾಡಿದರು, ಮೇಡಂಗೆ ತಲೆ ಸುತ್ತು ಬಂದಿದೆ ಎಂದು. ನೀರು ಬೆರೆತರೆ ಎಂಜಿನ್ ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗುತ್ತದೆ ಎಂದೂ ಓದಿದ್ದೆ. ಆಯಿಲ್ ನೋಡುವ ಕಡ್ಡಿಯನ್ನು ಹೊರಗೆಳೆದು ಮಾವನ ಮುಂದೆ ಹಿಡಿದೆ. ಬಣ್ಣದ ವಿಷಯದಲ್ಲಿ ಅವರಿಗಿಂತ ದೊಡ್ಡ ಪ್ರಮಾಣ ಯಾರು? ಕನ್ನಡಕ ಏರಿಸಿ, ಬೆಳಕಿಗೆ ತಿರುಗಿಸಿ ನೋಡಿ, "ಹಾಲ್ ಬೆರಿಲಿಲ್ಲ. ಡಿಕಾಕ್ಷನ್ ಸಮಾ ಇತ್ತ್" ಎಂದರು.

ಅನ್ಬುವಿನ ಪರೀಕ್ಷೆಯೂ ಅದನ್ನೇ ಹೇಳಿತು. ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ. ಪಂಪು ಹಚ್ಚಿ ಗಾಳಿಯ ಒತ್ತಡ ಕೊಟ್ಟರೆ ಒತ್ತಡ ತೋರಿಸುವ ಮುಳ್ಳು ಕೆಳಗಿಳಿಯಲಿಲ್ಲ. ನೀಲಿ ದ್ರವವಿದ್ದ ಗಾಜಿನ ನಳಿಗೆಯನ್ನು ರೇಡಿಯೇಟರಿನ ಬಾಯಿಗೆ ಇಟ್ಟ. ಗ್ಯಾಸ್ಕೆಟ್ ಹೋಗಿದ್ದರೆ ಅದು ಹಳದಿಯಾಗಬೇಕಿತ್ತು, ನೀಲಿಯಾಗಿಯೇ ಉಳಿಯಿತು. ಅನ್ಬು ತಲೆ ಕೆರೆದುಕೊಂಡು ಕಾರನ್ನು ಎರಡು ದಿನ ತನ್ನ ಶೆಡ್ಡಿನಲ್ಲೇ ಇಟ್ಟುಕೊಂಡ, ಬೆಳಿಗ್ಗೆ ಸಂಜೆ ಓಡಿಸಿ ನೋಡಿದ. ನೀರು ತುಂಬಿದ್ದು ತುಂಬಿದಂತೆಯೇ ಇತ್ತು. ಮನೆಗೆ ತಂದು ನಿಲ್ಲಿಸಿದ ಮರುದಿನವೇ ಲೋಟ ನೀರು ಮಾಯ!

"ವಂಡಿಯಿಲೆ ಒಣ್ಣುಮೇ ಇಲ್ಲೆಮ್ಮಾ" ಎಂದ ಅನ್ಬು, ಗಾಡಿಯಲ್ಲಿ ಏನೂ ಇಲ್ಲ ಎಂದು. ಆಮೇಲೆ ದನಿ ತಗ್ಗಿಸಿ, "ವೀಟ್ಟಿಲೆದಾನ್ ಏದೋ ಇರುಕ್ಕು" ಎಂದ. ಮನೆಯಲ್ಲೇ ಏನೋ ಇದೆ! ದೃಷ್ಟಿ ತೆಗೆಸಲು ಕುಂಬಳಕಾಯಿ ಒಡೆಯಿರಿ ಎಂಬ ಸಲಹೆಯನ್ನೂ ಉಚಿತವಾಗಿ ಕೊಟ್ಟ. ಇತ್ತ ಯಜಮಾನರಿಗೆ ಪರೀಕ್ಷೆಗಳಲ್ಲಿ ನಂಬಿಕೆ ಹುಟ್ಟಲಿಲ್ಲ. ನೀರು ಕುಡಿಯುವ ಕಾರನ್ನು ಇಟ್ಟುಕೊಂಡು ಏನು ಮಾಡುವುದು, ಭಾನುವಾರ ಗುಜರಿಯವನು ಬರುತ್ತಾನೆ ಎಂದುಬಿಟ್ಟರು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಾವ ಮಾತಾಡುವ ಜಾಗವೇ ಅದೊಂದು, ಅದೂ ಹೋದರೆ ಆ ಕತೆಗಳನ್ನೆಲ್ಲ ಅವರು ಎಲ್ಲಿ ಕುಳಿತು ಹೇಳಬೇಕು?

ನೀರು ಮಾಯವಾಗುವುದು ಮನೆಯಲ್ಲಿ ಮಾತ್ರ ಎಂದ ಮೇಲೆ ಕಣ್ಣಾರೆ ನೋಡಿಯೇಬಿಡೋಣವೆಂದು, ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯ ಕಿಟಕಿಯಲ್ಲಿ ಕಾದು ನಿಂತೆ. ಬಾನೆಟ್ ತೆರೆದಿತ್ತು. ಮಾವ ಹೆಗಲ ಮೇಲಿನ ಬೈರಾಸು ಬಟ್ಟೆಯಿಂದ ಮುಚ್ಚಳ ಹಿಡಿದು ತಿರುಗಿಸಿ ತೆಗೆದರು. ತೀರ್ಥ ಕೊಡುವ ಹಳೆಯ ಉದ್ಧರಣೆಯನ್ನು ರೇಡಿಯೇಟರಿನ ಬಾಯಿಗೆ ಇಳಿಸಿ, ಒಂದೊಂದೇ ಉದ್ಧರಣೆ ನೀರನ್ನು ಸ್ಟೀಲ್ ಲೋಟಕ್ಕೆ ತೆಗೆಯತೊಡಗಿದರು. ಲೋಟ ತುಂಬಲು ಒಂದು ಬೆರಳು ಉಳಿದಿರುವಾಗ ನಿಲ್ಲಿಸಿ, ಮುಚ್ಚಳ ಭದ್ರ ಮಾಡಿ, ನೀರನ್ನು ಚರಂಡಿಗೆ ಸುರಿದರು.

ಹೊರಗೆ ಓಡಿ ಹೋಗಿ, "ಮಾವಾ, ಇದೇನು ಮಾಡ್ತಾ ಇದ್ದೀರಿ?" ಎಂದೆ. ಕೋಪ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಸೈಲೆನ್ಸರ್ ಮೂಸಿದವಳು ನಾನು ತಾನೇ.

ಅವರಿಗೆ ಅಳುಕೇನೂ ಇರಲಿಲ್ಲ. "ಕಂಠದ ತನಕ ತುಂಬ್ಸ್ರೆ ಉಕ್ಕುದಿಲ್ಯಾ ಮಾರಾಯ್ತಿ? ಹಾಲಿನ ಪಾತ್ರಿಗೂ ಉಕ್ಕುಕೆ ಜಾಗ ಬಿಡ್ಕ್. ನೀ ದಿನಾ ತುಂಬ್ಸುದ್ ಕಂಡ್ ನಂಗೆ ಹೆದ್ರಿಕಿ ಆಯ್ತ್. ಅವತ್ತ್ ಕೈ ಸುಟ್ಕಂಡಿದ್ಯಲ್ದಾ?" ಎಂದು ನನ್ನ ಮಣಿಕಟ್ಟನ್ನು ನೋಡಿದರು. ಗಾಯ ಮಾಸಿತ್ತು. "ಗಿಡಕ್ಕ್ ಹಾಕ್ಲಿಲ್ಲೆ, ವಾಸನಿ ಸಮ ಇಲ್ಲ" ಎಂದು ಸೇರಿಸಿದರು.

ಹೇಳಿದರೆ ನಾನು ಬೇಸರಪಟ್ಟುಕೊಂಡೇನೆಂದು, ನಾನು ಏಳುವ ಮೊದಲೇ ಈ ಕೆಲಸ ಮುಗಿಸುತ್ತಿದ್ದರು. ಅವರು ನನ್ನ ಕೈ ಸುಡದಿರಲಿ ಎಂದು ತೆಗೆಯುವುದು, ನಾನು ಎಂಜಿನ್ ಸುಡದಿರಲಿ ಎಂದು ತುಂಬುವುದು. ನಡುವೆ ಪಾಪದ ಕಾರು ಗುಜರಿಯ ಬಾಗಿಲವರೆಗೆ ಹೋಗಿ ಬಂದಿತ್ತು. ನನಗೆ ಅಳು ಬಂತು. ಬಾನೆಟ್ಟಿನ ಮರೆಯಲ್ಲಿ ನಿಂತು ಅತ್ತೂ ಬಿಟ್ಟೆ.

ಆಮೇಲೆ ರೇಡಿಯೇಟರಿನ ಪಕ್ಕದಲ್ಲಿ ಕೊಳವೆಯಿಂದ ಜೋಡಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ತೋರಿಸಿದೆ. ಕಾದು ಹಿಗ್ಗಿದ ನೀರು ಇದರೊಳಗೆ ಹೋಗಿ ನಿಲ್ಲುತ್ತದೆ, ಆರಿದ ಮೇಲೆ ತಾನೇ ಹಿಂದಿರುಗುತ್ತದೆ, ಅದಕ್ಕೇ ಇದನ್ನು ಅರ್ಧ ಖಾಲಿ ಇಟ್ಟಿರುತ್ತಾರೆ ಎಂದು ವಿವರಿಸಿದೆ. ಅವರು ಬಗ್ಗಿ, ಬಾಟಲಿಯ ಮೇಲಿನ ಗೆರೆಗಳನ್ನು ಬೆರಳಿನಿಂದ ಸವರಿ, ಬಹಳ ಹೊತ್ತು ನೋಡಿದರು.

"ಇದ್ನ್ ಮಾಡ್ದವ ಅಡ್ಗಿಮನಿ ಕಂಡವ" ಎಂದರು.

ಸಂಗತಿ ತಿಳಿದ ಯಜಮಾನರು ಗುಜರಿಯವನಿಗೆ ಬರಬೇಡವೆಂದು ತಾವೇ ಫೋನು ಮಾಡಿದರು. ಅಪ್ಪನ ಮುಂದೆ ಅವರ ದನಿ ಏರುವುದಿಲ್ಲ. ಮುಂದಿನ ಶುಕ್ರವಾರ ಸಂತೆಗೆ ಹೋಗಿ ಬಂದೆವು. ಸಿಗ್ನಲಿನಲ್ಲಿ ಕಾರು ನಿಂತಾಗ ಮಾವ ಕಾಯುವ ಹಾಲಿನ ಸದ್ದನ್ನು ಕೇಳುವವರಂತೆ ಬಾನೆಟ್ಟಿನ ಕಡೆ ಕಿವಿಕೊಟ್ಟು, ಸಮಾಧಾನವಾದ ಮೇಲೆ ಕತೆ ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಎಂದಿನಂತೆ ಕಾಫಿ ಬಂತು, ಎಂದಿನಂತೆ ಒಂದು ಬೆರಳು ಕಡಿಮೆ. ಲೋಟ ಎತ್ತಿಕೊಳ್ಳುವಾಗ ನನ್ನ ಕೈಯನ್ನು ನಾನೇ ಮೊದಲ ಬಾರಿಗೆ ಗಮನಿಸಿದೆ. ಹೆಬ್ಬೆರಳೂ ತೋರುಬೆರಳೂ ಹೋಗಿ ಹಿಡಿದದ್ದು, ಮದುವೆಯಾದಂದಿನಿಂದ ಪ್ರತಿದಿನ ಹಿಡಿದದ್ದು, ಕಾಫಿ ಮುಟ್ಟದ ಆ ಒಂದು ಬೆರಳಿನ ಅಂಚನ್ನೇ. ಅಲ್ಲಿ ಸುಡುತ್ತಿರಲಿಲ್ಲ.