ವಿಮೆ ಕಾರ್ಡಿನ ಶಾಂತವ್ವ

ಮೈ ಗಟ್ಟಿಯಾಗಿರುವಾಗಲೇ ಕಾಯಿಲೆಗೆ ಹೆಸರು ಬರೆಸಬೇಕೆಂದು ಮೈಸೂರಿನ ಬಟ್ಟೆ ಗಿರಣಿಯಲ್ಲಿ ಮೊದಲ ವಾರವೇ ಹೇಳಿದರು. ನಾನು ಗುಳೇದಗುಡ್ಡದ ನೇಕಾರ. ನಮ್ಮಲ್ಲಿ ನೆಟ್ಟಗಿರುವ ಮನುಷ್ಯನ ಮುಂದೆ ಜ್ವರದ ಮಾತೆತ್ತಿದರೆ ಹಿರಿಯರು ಗದರಿಸುತ್ತಾರೆ. ಇಲ್ಲಿ ಗುಮಾಸ್ತರು ನಗುನಗುತ್ತಲೇ ವಿಮೆ ಕಾರ್ಡು ತೆಗೆದು, ಗಂಡ ಹೆಂಡತಿ ಯಾರಿಗೆ ಕಾಯಿಲೆಯಾದರೂ ಗಿರಣಿಯ ಆಸ್ಪತ್ರೆಯಲ್ಲಿ ಔಷಧಿ, ಹಾಸಿಗೆ ಎರಡೂ ಪುಕ್ಕಟೆ ಎಂದರು. ಸಂಬಳದಲ್ಲಿ ಅದಕ್ಕೆಂದು ದುಡ್ಡು ಹಿಡಿದುಕೊಳ್ಳುವವರೇ ಪುಕ್ಕಟೆ ಎಂದರೆ ನಂಬುವುದು ಹೇಗೆ? ಕೂಸು ಹುಟ್ಟುವ ಮುಂಚೆ ಕುಲಾವಿ ಎಂದುಕೊಳ್ಳುತ್ತಾ ಹೆಂಡತಿಯ ಹೆಸರು ಶಾಂತವ್ವ ಎಂದು ಬರೆಸಿದೆ.

ಈ ಊರಿನ ಮೆದು ಮಾತಿನ ಮೇಲೂ ನನಗೆ ಅನುಮಾನವೇ. ನಮ್ಮ ಕಡೆ ಸಿಟ್ಟು ಬಂದರೆ ಬೈದು ಮುಗಿಸುತ್ತಾರೆ. ಇಲ್ಲಿ ಆಗುವುದಿಲ್ಲ ಎನ್ನುವುದಕ್ಕೂ 'ನೋಡೋಣ ಬನ್ನಿ' ಎನ್ನುತ್ತಾರೆ. ರೊಟ್ಟಿಯ ಬದಲು ಮುದ್ದೆ; ಅದನ್ನು ಅಗಿಯದೆ ನುಂಗಬೇಕಂತೆ. ಏನನ್ನೇ ಆಗಲಿ ಅಗಿಯದೆ ನುಂಗುವ ಜಾಯಮಾನ ನನ್ನದಲ್ಲ. ಲಕ್ಷ್ಮೀಪುರಂನ ವಠಾರದಲ್ಲಿ ನಮ್ಮ ಮನೆಯೊಡತಿ ತೆರೇಸಮ್ಮನವರು. ಭಾನುವಾರ ಚರ್ಚಿನಿಂದ ಬಂದವರೇ ನಮ್ಮ ಹೊಸ್ತಿಲಲ್ಲಿ ಕೂತು ನನ್ನ ಹೆಂಡತಿಯನ್ನು ಏನೇನೋ ವಿಚಾರಿಸುತ್ತಿದ್ದರು. ಬಾಡಿಗೆ ಕೊಟ್ಟವರಿಗೆ ನಮ್ಮ ಪುರಾಣ ಯಾಕೆಂದು ನಾನು ಒಳಗಿನಿಂದ ಕೆಮ್ಮುತ್ತಿದ್ದೆ.

ಐವತ್ತೇಳನೆಯ ಇಸವಿಯಲ್ಲಿ ಫ್ಲೂ ಬಂತು. ಗಿರಣಿಯ ಮಗ್ಗಗಳಲ್ಲಿ ಅರ್ಧ ನಿಂತವು. ಜ್ವರ ಹಿಡಿದ ಮೂರನೆಯ ದಿನ ನನ್ನ ಹೆಂಡತಿಗೆ ಉಸಿರಾಡುವುದೇ ಕಷ್ಟವಾಯಿತು. ಜಟಕಾ ತಂದಾಗ ತೆರೇಸಮ್ಮನವರು ಕರೆಯದೆಯೇ ಹತ್ತಿ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಊರಿನ ಬೇರೆ ಆಸ್ಪತ್ರೆಗಳು ತುಂಬಿದ್ದವು. ಗಿರಣಿಯ ಆಸ್ಪತ್ರೆಯಲ್ಲಿ ಒಂದೇ ಹಾಸಿಗೆ ಉಳಿದಿತ್ತು, ಕಾರ್ಡಿದ್ದವರಿಗೆ ಮಾತ್ರ. ಕಂಪೌಂಡರು ಹೆಸರು ಕೇಳಿದರು. ಅವಳು ಕಣ್ಣು ಮುಚ್ಚಿಕೊಂಡೇ "ನೀಲವ್ವ" ಎಂದಳು.

ಅದು ತವರಿನ ಹೆಸರು. ನನ್ನ ತಾಯಿಯ ಹೆಸರೂ ನೀಲವ್ವ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗಲಾಗದೆಂದು ಮದುವೆಯ ದಿನ ಅವಳನ್ನು ಶಾಂತವ್ವ ಮಾಡಿದ್ದರು. ಈ ಪದ್ಧತಿ ನಮ್ಮ ಕಡೆ ಮಕ್ಕಳಿಗೂ ಗೊತ್ತು.

"ಕಾರ್ಡಲ್ಲಿ ಶಾಂತವ್ವ ಅಂತಿದೆ," ಎಂದರು ಕಂಪೌಂಡರು. "ಹೆಂಡತಿ ಕಾರ್ಡಲ್ಲಿ ಪಕ್ಕದ ಮನೆಯೋರನ್ನ ಕರ್ಕೊಂಡು ಬಂದ್ಬುಟ್ರೆ ಎಂಗೆ ಕಣ್ರೀ?"

ನಾನು ನಮ್ಮ ಕಡೆಯ ಭಾಷೆಯಲ್ಲಿ ವಿವರಿಸಿದಷ್ಟೂ ಅವರ ಹುಬ್ಬು ಮೇಲೇರಿತು. ಆ ದಿನಗಳಲ್ಲಿ ಹಾಗೆ ಕರೆತಂದವರೂ ಇದ್ದರಂತೆ. ಅವರ ಜಾಗದಲ್ಲಿ ಕೂತಿದ್ದರೆ ನಾನೂ ನಂಬುತ್ತಿರಲಿಲ್ಲ.

ತೆರೇಸಮ್ಮನವರು ಅವಳನ್ನು ಬೆಂಚಿಗೆ ಒರಗಿಸಿ ಎದ್ದರು. "ನಾನು ದಿನಾ ನೀಲಮ್ಮ ಅಂತಲೇ ಕರೆಯೋದು ಕಣಪ್ಪ. ಶಾಂತವ್ವ ಅನ್ನೋದು ಅತ್ತೆ ಮನೇಲಿ ಇಟ್ಟಿದ್ದು. ಎರಡೂ ಇವಳೇ ಅಂತ ನಾನು ರುಜು ಹಾಕ್ತೀನಿ. ಈಗ ಒಳಗೆ ಕರ್ಕೊ."

ಅವರು ರುಜು ಹಾಕಿದ ಮೇಲೆ ಕಂಪೌಂಡರು ಕಾರ್ಡಿನಲ್ಲಿ ಶಾಂತವ್ವನನ್ನು ಹೊಡೆದು ನೀಲಮ್ಮ ಎಂದು ಬರೆದರು. ಹಾಸಿಗೆ ಸಿಕ್ಕಿತು. ನನಗೆ ಅಳು ಬಂತು. ಜೊತೆಗೇ ಹೊಸದೊಂದು ಅನುಮಾನವೂ. ನನ್ನ ಮನೆಯಲ್ಲಿ ಯಾರೂ ಆಡದ ಹೆಸರಿನಿಂದ ಇವರು ದಿನಾ ಕರೆಯುತ್ತಿದ್ದರೆ, ನಾನು ಗಿರಣಿಯಲ್ಲಿದ್ದಾಗ ಆ ಮನೆಯಲ್ಲಿ ಬಾಳುತ್ತಿದ್ದವಳು ಯಾರು?

ವಾರ ಕಳೆದು ಜ್ವರ ಬಿಟ್ಟ ಮೇಲೆ, ಆ ಹೆಸರನ್ನು ಅವರಿಗೇಕೆ ಹೇಳಿದೆ ಎಂದು ಕೇಳಿಯೇ ಬಿಟ್ಟೆ. ಅವಳು ಗಂಜಿಯ ಬಟ್ಟಲು ಕೆಳಗಿಟ್ಟಳು.

"ಏನಂತ ಕರೀಲಿ ಅಂತ ಕೇಳಿದ್ರು, ಹೇಳಿದೆ. ನೀವು ಒಂದಿನಾನೂ ಕೇಳಲಿಲ್ಲಲ್ರಿ."

ಈಗ ವಠಾರದ ಎಲ್ಲರಿಗೂ ಅವಳು ನೀಲಮ್ಮ. ನನ್ನ ಬಾಯಿಗೆ ಮಾತ್ರ ಆ ಹೆಸರು ಬಾರದು, ಹೆತ್ತ ತಾಯಿಯನ್ನು ಕೂಗಿದಂತಾಗುತ್ತದೆ. ಹೋದ ದೀಪಾವಳಿಗೆ ಗುಳೇದಗುಡ್ಡಕ್ಕೆ ಹೋಗಿದ್ದೆವು. ನನ್ನ ತಾಯಿ ಅಡುಗೆಮನೆಯಿಂದ "ಶಾಂತವ್ವಾ" ಎಂದು ಕೂಗಿದಳು. ನನ್ನ ಪಕ್ಕದಲ್ಲೇ ಕೂತಿದ್ದ ಹೆಂಡತಿ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂಬಂತೆ, ಬಾಗಿಲಿನತ್ತ ನೋಡಿದಳು.